ಐಸ್ ಕಾಕಾ ಬರಲಿಲ್ಲ

ಮೊದಲು ಅಂಗೈ, ಆಮೇಲೆ ಮೊಣಕಾಲು, ಬಿದ್ದ ಹುಡುಗಿ ಏಳುವುದೇ ಹಾಗೆ, ಬಿಳೀ ಐಸಿನ ಮೇಲೆ ಅಂಗೈ ಊರಿ, ನೀಲಿ ಫ್ರಾಕಿಗೆ ಮೆತ್ತಿದ ಪುಡಿಯನ್ನೂ ಝಾಡಿಸದೆ, ನಗುತ್ತ — ಅಂಗೈ ಇಟ್ಟಲ್ಲಿ ಗುರುತು ಉಳಿಯಿತೋ ಇಲ್ಲವೋ ನೋಡೋಣವೆಂದು ಪಾರ್ವತೀಬಾಯಿ ಬೆತ್ತದ ಕುರ್ಚಿಯಿಂದ ಮುಂದೆ ಬಾಗಿದರು, ಅಷ್ಟರಲ್ಲಿ ಟೀವಿಯೊಳಗೆ ಯಾರೋ ಹ್ಹೆಹ್ಹೆ ಎಂದು ನಕ್ಕರು, ಹುಡುಗಿ ಬಿದ್ದರೆ ನಗುವವನು ಯಾರಿವನು, ಇದು ಕಾಕಾನ ದನಿಯಲ್ಲ, ಕಾಕಾ ಏಳು ವರ್ಷದಲ್ಲಿ ಒಂದು ದಿನ ನಕ್ಕವನಲ್ಲ, ಕೆಳಗೆ ಕೂತಿದ್ದ ಎದುರುಮನೆಯ ಭಾಗಮ್ಮ ತಲೆ ಬಾಚುತ್ತಿದ್ದವಳು ಹಣಿಗೆ ಕೆಳಗಿಟ್ಟಳು, ಇಂವ ಯಾರ್ರೀ ಬಾಯಿಯವ್ರ, ಕಾಕಾ ಎಲ್ಲಿ ಹೋದ್ರು, ಹಿಂದಿನ ಓಣಿಯ ಇಕ್ಬಾಲ್ ಬೇಗಂ ಎಲೆಗೆ ಸುಣ್ಣ ಹಚ್ಚುವುದನ್ನು ಅರ್ಧಕ್ಕೇ ಬಿಟ್ಟಳು, ಇನೆ ಕೌನ್ ಜೀ, ಕೋಳಿ ಹರಾಜ್ ಮಾಡ್ಲಾಕತ್ತಾನೇನ್ರಿ, ಉಸಿರ್ ಸೈತ ತಗೊಳ್ವಲ್ಲ — ಹೊರಗೆ ಗಾಜಿಪುರದ ಓಣಿ ಮಾರ್ಚಿನ ಬಿಸಿಲಿಗೆ ಕದ ಹಾಕಿಕೊಂಡು ಬಿದ್ದಿದೆ, ಒಳಗೆ ಶಹಾಬಾದಿ ಕಲ್ಲಿನ ನೆಲಕ್ಕೆ ಎರಡು ತಂಬಿಗೆ ನೀರು ಚಿಮುಕಿಸಿ, ಅದರ ಮೇಲೆ ಕೂತು ಐಸು ನೋಡುವುದು, ಕೇಬಲ್ ಬಂದಾಗಿನಿಂದ ಪ್ರತಿ ಬೇಸಿಗೆ ಹೀಗೇ, ಮೊದಮೊದಲು ಬರೀ ಐಸು, ನೋಡಿದರೆ ಮೈ ತಂಪಾಗುತ್ತದೆಂದು, ಆಮೇಲೆ ಐಸಿನ ಮೇಲೆ ಜಾರುವ ಹುಡುಗಿಯರು, ಆಮೇಲೆ ಇಂಗ್ಲಿಷಿನಲ್ಲಿ ಆಟದ ವಿವರ ಹೇಳುವ ಕಾಕಾ, ಹೆಸರು ಗೊತ್ತಿಲ್ಲ, ಮುಖ ನೋಡಿಲ್ಲ, ಊರು ಯಾವುದೋ, ಕೆಮ್ಮು ಮಾತ್ರ ಗೊತ್ತು, ಒಂದು ವರ್ಷ ಜಾಸ್ತಿ ಕೆಮ್ಮಿದಾಗ ಭಾಗಮ್ಮ ಟೀವಿಯ ಮುಂದೆ ಕೂತು ಶುಂಠಿ ಕಷಾಯ ಮಾಡುವ ಬಗೆ ಹೇಳಿದ್ದಳು, ಈಗ ಅದೇ ಭಾಗಮ್ಮ ಫೋನು ಹಚ್ಚಿ ಸೇಡಂ ರಸ್ತೆಯ ಕೇಬಲ್ ಖಾಜಾನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಾಳೆ, ತಂತಿ ಬದಲಿ ಮಾಡಪಾ, ಕಾಕಾನ ಬದಲಿ ಬ್ಯಾರೆ ಯಾರೋ ಬಂದಾರ, ಖಾಜಾ ಪಾಪ ಒಳ್ಳೆಯ ಹುಡುಗ, ಅಮ್ಮಾ ತಂತಿ ನಂದು, ದನಿ ನಂದಲ್ಲ ಎಂದು ಫೋನಿಟ್ಟ.

ಕಾಕಾನಿಗೆ ಏನಾಯಿತು, ಜಡ್ಡೇ, ಹೆಚ್ಚು ಕಡಿಮೆ ಆಯಿತೇ, ಆದರೆ ಅದಕ್ಕಿಂತ ದೊಡ್ಡ ಚಿಂತೆ ಎದುರಿಗೇ ಕೂತಿದೆ, ಎಲ್ಲರೂ ಕುರ್ಚಿಯ ಕಡೆ ತಿರುಗಿದ್ದಾರೆ, ಏನಂತಾನ್ರೀ ಬಾಯಿಯವ್ರ, ಅದೇ ಪ್ರಶ್ನೆ, ಏಳು ವರ್ಷದ ಹಿಂದೆ ಭಾಗಮ್ಮ ಮೊದಲ ಸಲ ಕೇಳಿದ್ದೂ ಅದನ್ನೇ, ಆಗ ಸುಮ್ಮನೆ ನನಗೂ ತಿಳಿಯದು ಅಂದಿದ್ದರೆ ಮುಗಿದು ಹೋಗುತ್ತಿತ್ತು, ಅನ್ನಲಿಲ್ಲ, ಮಾರ್ಕು ಕಡಿಮೀ ಬೀಳತಾವ ಅಂತಾನ ಎಂದುಬಿಟ್ಟರು, ಬಾಯಿಗೆ ಬಂದದ್ದು, ಕಡಿಮೆಯೇ ಬಿದ್ದವು, ಅಯ್ಯ ಬಾಯಿಯವ್ರ ನಿಮಗ ಇಂಗ್ಲಿಷ್ ಬರ್ತದೇನು, ಹೂಂ ಹೈದರಾಬಾದಿನ ಮಿಸ್ಸಮ್ಮನ ಸಾಲಿಯಾಗ ಮೆಟ್ರಿಕ್ ತನಕ, ಇದೂ ಬಾಯಿಗೆ ಬಂದದ್ದೇ, ಹೈದರಾಬಾದೂ ಇಲ್ಲ ಮಿಸ್ಸಮ್ಮನೂ ಇಲ್ಲ, ಕಮಲಾಪುರದ ಸಾಲಿ, ನಿಜಾಮರ ಕಾಲದ ಉರ್ದು, ನಾಲ್ಕನೇ ಇಯತ್ತೆಗೆ ಪಾಟಿ ಒಡೆದುಹೋಯಿತು, ಅಪ್ಪ ಹೊಸದು ತರಲಿಲ್ಲ, ಗಂಡು ತಂದ. ಇಂಗ್ಲಿಷ್ ಬರದಿದ್ದರೇನು, ಕಾಕಾ ಬರುತ್ತಿದ್ದ, ಹುಡುಗಿ ಹಾರುವ ಮುಂಚೆ ಕಾಕಾ ಹ್ ಎಂದು ಉಸಿರು ಒಳಗೆಳೆದು ಹಿಡಿಯುತ್ತಾನೆ, ಇಳಿದರೆ ಲವ್ಲಿ, ಬಿದ್ದರೆ ಓ ಡಿಯರ್ ಓ ಡಿಯರ್, ಮಗುವನ್ನು ಎತ್ತಿಕೊಳ್ಳುವವನ ದನಿಯಲ್ಲಿ, ಎದ್ದು ನಿಲ್ಲುವ ತನಕ ಮುಂದೆ ಒಂದು ಮಾತಿಲ್ಲ, ಆ ಸುಮ್ಮನಿರುವಿಕೆ ಎಷ್ಟು ಉದ್ದ ಎಂಬುದರ ಮೇಲೆ ಮಾರ್ಕು ಹೇಳಿಬಿಡಬಹುದು, ಹೇಳಿದ್ದು ಹತ್ತಕ್ಕೆ ಎಂಟು ಸಲ ನಿಜ, ಉಳಿದ ಹೊತ್ತು ಹುಡುಗಿಯರ ಮನೆತನದ ಕಥೆ, ರಷ್ಯದ ಹುಡುಗಿಯ ಅಪ್ಪ ಟಾಂಗಾ ಹೊಡೆಯುತ್ತಾನೆ, ಜಪಾನಿನವಳು ಐಸಿನ ಸಲುವಾಗಿ ಗೊತ್ತಾದ ಮದುವೆ ಮುರಿದಳು, ಎಲ್ಲ ಕಾಕಾ ಹೇಳಿದ್ದೆಂದು ತಾವೇ ಕಟ್ಟಿದ್ದು, ಇಕ್ಬಾಲ್ ಬೇಗಂ ಟಾಂಗಾದವನ ಮಗಳ ಮೊಣಕಾಲಿಗಾಗಿ ದರ್ಗಾಕ್ಕೆ ಹೂವಿನ ಚಾದರ ಕೊಟ್ಟು ಬಂದಳು, ಭಾಗಮ್ಮ ಜಪಾನಿನವಳಿಗೆ ಗಂಡು ಸಿಗಲೆಂದು ಐದು ಸೋಮವಾರ ಒಪ್ಪತ್ತು ಉಂಡಳು, ನಗು ಬರುತ್ತದೆ, ನಾಚಿಕೆಯೂ ಬರುತ್ತದೆ, ಆದರೆ ಇಡೀ ಓಣಿಯಲ್ಲಿ ಪಾರ್ವತೀಬಾಯಿ ಹೇಳುವುದನ್ನು ಬಾಯಿ ತೆರೆದು ಕೇಳುವವರು ಇವರಿಬ್ಬರೇ, ಅಡುಗೆಮನೆಯಿಂದ ಹೊರಗೆ ಒಂದು ಕುರ್ಚಿ ಸಿಕ್ಕಿದ್ದು ಈ ಏಳು ವರ್ಷ ಮಾತ್ರ, ಆ ಕುರ್ಚಿ ಹೋದೀತೆಂದೇ ಭಯ — ಹೋಗುವ ದಿನ ಇವತ್ತೇ ಇರಬೇಕು, ಯಾಕೆಂದರೆ ಇವತ್ತು ನೆಲದ ಮೇಲೆ ಮೂರನೆಯವಳೊಬ್ಬಳಿದ್ದಾಳೆ, ಭಾಗಮ್ಮನ ಹೊಸ ಸೊಸೆ ಜಗದೇವಿ, ಕಮಲಾಪುರದವಳು, ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮಾಡಿದವಳು, ತವರಿನ ಕೆಂಪು ಬಾಳೆಹಣ್ಣಿನ ಚಿಪ್ಪು ತಂದು ಕೈಗಿಟ್ಟು, ಆಯೀ, ನಮ್ಮ ಕಸ್ತೂರಿ ಆಯಿ ನಿಮ್ಮನ್ನ ಭಾಳ ಕೇಳ್ಯಾಳ್ರೀ, ನೀವಿಬ್ರೂ ಕೂಡೇ ನಾಕನೇತ್ತಕ್ಕ ಸಾಲಿ ಬಿಟ್ಟವ್ರಂತಲ್ಲ ಅಂದಿದ್ದಳು, ಅತ್ತೆ ಆಗ ಖಾಜಾನ ಜೊತೆ ಫೋನಿನಲ್ಲಿ ಜಗಳದಲ್ಲಿದ್ದಳು, ಬೇಗಂ ಆ ಜಗಳಕ್ಕೇ ಕಿವಿ ಕೊಟ್ಟಿದ್ದಳು, ಇಬ್ಬರೂ ಕೇಳಿಸಿಕೊಳ್ಳಲಿಲ್ಲ, ಬಾಳೆಹಣ್ಣು ಮಾತ್ರ ಪಾರ್ವತೀಬಾಯಿಯ ಮಡಿಲಲ್ಲಿ ಭಾರವಾಗಿ ಕೂತಿದೆ.

ಏನಂತಾನ್ರೀ — ತಡವಾಯಿತು, ಏನಾದರೂ ಹೇಳಲೇಬೇಕು, ಪಾರ್ವತೀಬಾಯಿ ಕೆಮ್ಮಿದರು, ಕಾಕಾಗ ಆರಾಮಿಲ್ಲಂತ, ಅದಕ್ಕ ತಾ ಬಂದೀನಿ ಅಂತಾನ, ಈಗ ಬಿದ್ದಾಕಿಗೆ ಮಾರ್ಕು ನಾಕರ ಮ್ಯಾಲ ಬರಂಗಿಲ್ಲ, ಪರದೆಯ ಮೇಲೆ ಅಂಕಿಗಳು ಸಾಲಾಗಿ ಬಂದವು, ಐದು ಪಾಯಿಂಟ್ ಆರು, ಐದು ಪಾಯಿಂಟ್ ಏಳು, ಐದು ಪಾಯಿಂಟ್ ಆರು, ಅಂಕಿ ಓದಲು ಯಾವ ಮಿಸ್ಸಮ್ಮನೂ ಬೇಕಿಲ್ಲ, ಇಕ್ಬಾಲ್ ಬೇಗಂ ಎಲೆ ಅಗಿಯುವುದು ನಿಂತಿತು, ಪಾರ್ವತಿ ಆಪಾ, ಇದೇನ್ ಜೀ, ಜಗದೇವಿ ಟೀವಿಯನ್ನು ನೋಡುತ್ತಿಲ್ಲ, ಕುರ್ಚಿಯನ್ನು ನೋಡುತ್ತಿದ್ದಾಳೆ, ಅವಳಿಗೆ ಗೊತ್ತು, ಒಂದೊಂದು ಮಾತೂ ಅವಳಿಗೆ ತಿಳಿಯುತ್ತಿದೆ, ಈಗ ಬಾಯಿ ತೆರೆಯುತ್ತಾಳೆ, ಈಗ, ಬಿದ್ದ ಹುಡುಗಿಯ ಅಂಗೈ, ಏನು ತಂಪಿದ್ದೀತು ಆ ಐಸು — ಇಂವ ಸುಳ್ಳಾ ಹೇಳ್ತಾನ ತೆಗೀರಿ, ಎಂದಳು ಭಾಗಮ್ಮ, ಪುಣ್ಯಾತ್ಗಿತ್ತಿ, ಬಾಯಿಯವ್ರು ಇದ್ದದ್ದು ಇದ್ದಂಗ ಹೇಳ್ಯಾರ, ಇಂವಗ ಆಟಾನೇ ತಿಳಿಯಂಗಿಲ್ಲ, ಇಂಥವನ್ನ ಯಾರ್ರೀ ಕುಂದ್ರಿಸಿದವ್ರು, ಜೀವ ಬಂತು, ಬಂದ ಜೀವ ಮರುಕ್ಷಣವೇ ಹೋಯಿತು, ಯಾಕೆಂದರೆ ಭಾಗಮ್ಮ ಸುಮ್ಮನಾಗುವ ಪೈಕಿ ಅಲ್ಲ, ಒಂದು ಕಾರ್ಡ್ ಬರೀರಿ ಬಾಯಿಯವ್ರ, ಟೀವಿಯವ್ರಿಗೆ, ಇಂಗ್ಲಿಷ್‌ದಾಗ, ಇಂವನ್ನ ತಗೀರಿ, ಕಾಕಾನ್ನ ಕರಸ್ರಿ ಅಂತ, ಇಕ್ಬಾಲ್ ಬೇಗಂ ಆಗಲೇ ಎದ್ದು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದ ಪೋಸ್ಟ್ ಕಾರ್ಡು ಎಳೆದಳು, ಪೆನ್ನನ್ನೂ ಹುಡುಕಿದಳು, ಯಾವತ್ತೂ ಬೇಕೆಂದಾಗ ಸಿಗದ ಪೆನ್ನು ಇವತ್ತು ಕೂಡಲೇ ಸಿಕ್ಕಿತು.

ಕನ್ನಡಕ ಸರಿ ಇಲ್ಲ, ಕಣ್ಣಾಗ ಪೊರಿ ಬಂದದ, ಎಂದರು ಪಾರ್ವತೀಬಾಯಿ, ಟೀವಿಯ ಮೂಲೆಯ ಪುಟ್ಟ ಅಂಕಿ ಕಾಣುವ ಕಣ್ಣಿಗೆ ಕಾರ್ಡು ಕಾಣುವುದಿಲ್ಲವಂತೆ, ಹೇಳಿದವರಿಗೇ ಸರಿ ಅನಿಸಲಿಲ್ಲ, ಆಗ ಜಗದೇವಿ ಕೈ ಚಾಚಿದಳು, ನೀವ್ ಹೇಳ್ರಿ ಆಯಿ, ನಾ ಬರಕೋತೀನಿ, ಇದು ಎತ್ತುವ ಕೈಯೋ ದೂಡುವ ಕೈಯೋ, ಬರೆಯುವುದು ತಪ್ಪಿತು, ಹೇಳುವುದು ಬಂತು, ಇಂಗ್ಲಿಷ್‌ದಾಗs ಹೇಳ್ರಿ ಬಾಯಿಯವ್ರ, ನಮ್ಮ ಸೊಸಿನೂ ಕೇಳ್ಲಿ, ಫ್ಯಾನು ಕಟಕಟ ಅನ್ನುತ್ತಿದೆ, ಟೀವಿಯಲ್ಲಿ ಹೊಸಬ ಒಂದೇ ಸಮನೆ ಬಡಬಡಿಸುತ್ತಿದ್ದಾನೆ, ಯಾರೋ ಹುಡುಗಿ ಕೈ ಬಿಚ್ಚಿ ಹಿಂದು ಹಿಂದಕ್ಕೆ ಜಾರುತ್ತ ಬರುತ್ತಿದ್ದಾಳೆ, ಹಾರುತ್ತಾಳೆ, ತಮಗೆ ಬರುವ ಇಂಗ್ಲಿಷ್ ಎಲ್ಲಾ ಯಾವುದು, ಟಿಕೆಟ್, ಸ್ಟೇಶನ್, ಡಾಕ್ಟರ್, ಬ್ಲೌಸ್ ಪೀಸ್, ಇವುಗಳಿಂದ ಕಾರ್ಡು ಆಗುವುದಿಲ್ಲ, ಜಗದೇವಿ ಪೆನ್ನು ಊರಿ, ತಲೆ ಎತ್ತಿ, ಹ್ ಎಂದು ಉಸಿರು ಒಳಗೆಳೆದು ಹಿಡಿದಳು — ಅದು ಕಾಕಾನ ಉಸಿರು, ಥೇಟ್ ಅದೇ, ಹಾರುವ ಮುಂಚಿನದು, ಪಾರ್ವತೀಬಾಯಿಯ ಬಾಯಿಂದ ತಾನಾಗಿ ಬಂತು, ಓ ಡಿಯರ್, ಓ ಡಿಯರ್, ಕಾಕಾ ಅನ್ನುವ ಹಾಗೇ, ಮೆಲ್ಲಗೆ, ಎರಡು ಸಲ, ಕಣ್ಣಲ್ಲಿ ನೀರು ಬಂದುಬಿಟ್ಟಿತು, ಏಳು ವರ್ಷದ ಜೊತೆಗಾರ, ಒಂದು ಮಾತು ಹೇಳಿ ಹೋಗಬಾರದಿತ್ತೇ, ಸಚ್ ಎ ಪಿಟಿ, ಅದೂ ಕಾಕಾನದೇ, ಮಾರ್ಕು ತಪ್ಪಿದವರಿಗೆ ಹೇಳುವುದು, ಮುಂದೆ ಏನೂ ಇಲ್ಲ, ಇರುವುದು ಇನ್ನೊಂದೇ ಮಾತು, ಲವ್ಲಿ, ಎಂದರು, ಲವ್ಲಿ, ಮುಗೀತು.

ಮುಗಿಯಲಿಲ್ಲ, ಜಗದೇವಿ ಬರೆಯುತ್ತಲೇ ಇದ್ದಾಳೆ, ನಾಲ್ಕು ಮಾತಿಗೆ ಇಷ್ಟು ಸಾಲು ಹೇಗಾದವು, ಕಾರ್ಡು ತುಂಬಿತು, ಏನ್ ಬರಸ್ಯಾರ ಓದವ್ವಾ, ಎಂದಳು ಭಾಗಮ್ಮ, ಈಗ ಆಗಿಹೋಯಿತು, ಕುರ್ಚಿ ಹೋಯಿತು, ಜಗದೇವಿ ಕಾರ್ಡು ಹಿಡಿದು ಕನ್ನಡದಲ್ಲಿ ಅರ್ಥ ಹೇಳಿದಳು, ಸ್ವಾಮೀ, ಹುಡುಗಿ ಬಿದ್ದಾಗ ನಗಬ್ಯಾಡ್ರಿ, ಆಕಿ ಎದ್ದು ನಿಂದ್ರೂ ತನಕಾ ಸುಮ್ಮನ ಇರ್ರಿ, ನಮ್ಮ ಕಾಕಾ ಹಂಗ ಇರ್ತಿದ್ರು, ಅವರನ್ನ ಕಳಸ್ರಿ — ಹೌದಲ್ರೀ ಆಯಿ, ಹಿಂಗs ಅಂದ್ರಲ್ಲ, ಪಾರ್ವತೀಬಾಯಿ ಹೂಂ ಎಂದರು, ವ್ಹಾ, ಕ್ಯಾ ಇಂಗ್ಲಿಷ್ ಹೈ ಆಪಾ, ಎಂದಳು ಇಕ್ಬಾಲ್ ಬೇಗಂ, ಮಿಸ್ಸಮ್ಮನ ಸಾಲಿ ಅಂದ್ರ ಸುಮ್ಮನಲ್ಲವ್ವ, ಎಂದಳು ಭಾಗಮ್ಮ, ಸಹಿ ಮಾಡ್ರಿ ಆಯಿ, ಯಾವ ಭಾಷಾದಾಗ ಮಾಡಿದ್ರೂ ನಡೀತದ, ಎಂದಳು ಜಗದೇವಿ, ಪಾರ್ವತೀಬಾಯಿ ಕುರ್ಚಿ ಬಿಟ್ಟು ಕೆಳಗೆ ಅವಳ ಪಕ್ಕ ಕೂತರು, ಏಳು ವರ್ಷದಲ್ಲಿ ಮೊದಲ ಸಲ ನೆಲದ ತಂಪು, ಕಮಲಾಪುರದ ಸಾಲಿಯಲ್ಲಿ ಕಸ್ತೂರಿಯ ಪಕ್ಕ ಹೀಗೇ ಕೂರುತ್ತಿದ್ದದ್ದು, ಬಲದಿಂದ ಎಡಕ್ಕೆ, ಒಡೆದ ಪಾಟಿಯ ಉರ್ದುವಿನಲ್ಲಿ, ಹೆಸರು ಬರೆದರು, ಜಗದೇವಿ ನೋಡಿದಳು, ಚಹಾ ಇಡಬೇಕು, ಏಳಬೇಕು, ಮೊದಲು ಅಂಗೈ, ಆಮೇಲೆ ಮೊಣಕಾಲು, ಎದ್ದು ನಿಲ್ಲುವ ತನಕ ಜಗದೇವಿ ಸುಮ್ಮನೇ ಇದ್ದಾಳೆ, ತಿರುಗಿ ನೋಡಿದರೆ ಚಿಮುಕಿಸಿದ ನೀರು ಆಗಲೇ ಆರಿದ ಕಲ್ಲಿನ ಮೇಲೆ ಬೆವತ ಅಂಗೈ ಮೂಡಿದೆ, ಐದು ಬೆರಳು, ಒದ್ದೆ, ಈ ಬಿಸಿಲಿಗೆ ಇಷ್ಟರಲ್ಲಿ ಆರಬೇಕಿತ್ತು, ಆರಿಲ್ಲ, ಅಂಗೈ, ಕರೀ ಕಲ್ಲಿನ ಮೇಲೆ ಒದ್ದೆ ಅಂಗೈ, ಇನ್ನೂ ಆರಿಲ್ಲ, ಅಂಗೈ