ಎರಡು ಮುಖದ ಹಲಗೆ

ಹತ್ತಿ ಬಿಡಿಸುವ ಕಾಲ. ಬೆಳಗಿನ ಚಳಿಗೆ ಬೆರಳು ಸೆಟೆದಿರುತ್ತಿದ್ದವು. ಒಡೆದ ಕಾಯಿಯ ಮೊನೆ ಚುಚ್ಚಿದರೂ ನೋವು ತಡವಾಗಿ ತಿಳಿಯುತ್ತಿತ್ತು. ನಮ್ಮ ಹೊಲದ ಬದುವಿನಿಂದ ಹೊಳೆಗೆ ಇಳಿಯುವ ದಾರಿ ಕಾಣುತ್ತಿತ್ತು. ಆ ದಾರಿಯ ಜಾಲಿಮರಕ್ಕೆ, ನಾಣ್ಯ ಬದಲಿಸಿಕೊಡುವ ಸರಾಫ ಚನಮಲ್ಲಪ್ಪನ ಕರಿಹಲಗೆ ಹಗ್ಗದಲ್ಲಿ ತೂಗಾಡುತ್ತಿತ್ತು.

ನಮ್ಮ ದಂಡೆಯಲ್ಲಿ ನಡೆಯುತ್ತಿದ್ದುದು ಕಲ್ದಾರ ರೂಪಾಯಿ. ಆಚೆ ದಂಡೆ ಬೇರೆ ರಾಜ್ಯ. ಅಲ್ಲಿ ಹಾಲಿ ರೂಪಾಯಿ. ನೂರು ಕಲ್ದಾರಕ್ಕೆ ಎಷ್ಟು ಹಾಲಿ ಎಂಬುದನ್ನು ಚನಮಲ್ಲಪ್ಪ ದಿನವೂ ಸುಣ್ಣದಿಂದ ಹಲಗೆಯ ಮೇಲೆ ಬರೆಯುತ್ತಿದ್ದ. ಹೊಳೆಗೆ ಹೋಗುವವರು ಹೋಗುತ್ತ ಓದುತ್ತಿದ್ದರು, ಬರುವವರು ಬರುತ್ತ. ಹೋಗುವಾಗ ಕಂಡ ಅಂಕಿ ಬರುವಾಗ ಬೇರೆಯಾಗಿದ್ದರೆ, ದರ ಏರಿತೆಂದುಕೊಂಡು ನಾವು ಮನೆಗೆ ನಡೆಯುತ್ತಿದ್ದೆವು.

ಹೊಳೆ ದಾಟಿದ ಸಾಲವನ್ನು ಕೊಟ್ಟ ದಿನದ ದರದಲ್ಲೇ ತೀರಿಸಬೇಕೆಂಬುದು ನಮ್ಮ ಕಡೆಯ ಕಟ್ಟು. ಒಂದೇ ರಕ್ತದವರ ನಡುವೆ ನಾಣ್ಯ ಬದಲಿಸುವ ಕಡಿತವಾದ ವಟ್ಟವನ್ನು ಮುರಿಯುವಂತಿರಲಿಲ್ಲ. ನಾಣ್ಯ ಬದಲಿಸುವುದರಲ್ಲಿ ಕಾಸಿನ ಲಾಭ ಹಿಡಿದರೂ ಅದು ನಂಜು. ಮನೆಯ ಲೆಕ್ಕವನ್ನು ಸರಾಫನ ಕಟ್ಟೆಗೆ ಒಯ್ಯುವುದು ಅದಕ್ಕಿಂತ ದೊಡ್ಡ ಅವಮಾನ.

ಅಣ್ಣ ಸಾಯಬಣ್ಣ ಆಚೆ ದಂಡೆಗೆ ಮನೆಅಳಿಯನಾಗಿ ಹೋಗಿದ್ದ. ಎತ್ತು ಕೊಳ್ಳಲು ಅಪ್ಪನಿಂದ ನೂರು ಕಲ್ದಾರ ಒಯ್ದ. ಅಪ್ಪ ಅವನನ್ನು ನೀರಿನ ತನಕ ಕಳಿಸಿ ಬಂದ. ಮರುವರ್ಷ ಅಣ್ಣ ನೂರಾ ಹದಿನೈದು ಹಾಲಿ ತಂದು ಜಗುಲಿಯ ಮೇಲೆ ಸುರಿದ.

"ನೂರಾ ಹದಿನೆಂಟು," ಎಂದ ಅಪ್ಪ.

"ಒಯ್ದ ದಿನ ಹದಿನೈದು ಬರದಿತ್ತಪ್ಪಾ, ಕಣ್ಣಾರೆ ನೋಡೀನಿ."

"ನಾನೇನು ಕುರುಡ ಇದ್ನೇನು?"

ಹೊತ್ತು ಒಂದೇ, ಹಲಗೆ ಒಂದೇ. ಅಂದಮೇಲೆ ಇಬ್ಬರಲ್ಲಿ ಒಬ್ಬ ಸುಳ್ಳ. ಮಗ ಮೂರು ರೂಪಾಯಿಗೆ ಬಾಯಿ ತಪ್ಪಿದ ಎಂದು ಅಪ್ಪ. ಹೆತ್ತವನು ಮಗನಿಂದಲೇ ವಟ್ಟ ಕಿತ್ತ ಎಂದು ಅಣ್ಣ. ಆ ಹಣವನ್ನು ಅಪ್ಪ ಮುಟ್ಟಲಿಲ್ಲ. ನಾನೇ ಗಂಟು ಕಟ್ಟಿ ಗೂಡಿನಲ್ಲಿಟ್ಟೆ. ಅಪ್ಪ ಇರುವ ತನಕ ಅಣ್ಣ ಮತ್ತೆ ಹೊಳೆ ದಾಟಲಿಲ್ಲ. ಅಪ್ಪನ ಮಣ್ಣಿಗೆ ಬಂದವನು ನೀರನ್ನೂ ಕುಡಿಯದೆ ಹೋದ. ಗಂಡ ತೀರಿ ತವರಿಗೆ ಮರಳಿದವಳು ನಾನು. ಅಪ್ಪನ ನಂತರ ಆ ಮನೆಯಲ್ಲಿ ನನ್ನೊಡನೆ ಉಳಿದದ್ದು ಆ ಗಂಟು. ಬಾಕಿ ಮೂರು ರೂಪಾಯಿ ಹಿಡಿದು ಅಣ್ಣ ಒಂದು ದಿನ ಬಂದಾನು ಎಂದೇ ಅದನ್ನು ಬಿಚ್ಚದೆ ಇಟ್ಟುಕೊಂಡಿದ್ದೆ. ಬಿಚ್ಚಿದರೆ ಅವನು ಬರಲು ನೆಪವೇ ಉಳಿಯುತ್ತಿರಲಿಲ್ಲ.

ಆ ಚಳಿಗಾಲ ಡಂಗುರ ಸಾರಿದರು. ಹಾಲಿ ರೂಪಾಯಿ ನಿಲ್ಲುತ್ತದೆ, ಇನ್ನು ಎರಡೂ ದಂಡೆಗೆ ಒಂದೇ ನಾಣ್ಯ. ಬದಲಿಸುವ ಕೊನೆಯ ದಿನ, ಬಿಡಿಸಿದ ಹತ್ತಿಯನ್ನು ಹೊಲದಲ್ಲೇ ಬಿಟ್ಟು, ಗಂಟು ಹಿಡಿದು ಹೋದೆ.

"ಬಾ ತಂಗೆವ್ವ," ಎಂದ ಚನಮಲ್ಲಪ್ಪ. "ಎಲ್ಲಾರೂ ಬಂದು ಹೋದ್ರು. ನಿನ್ನ ಗಂಟಿಗೆ ಬೇರು ಬಿಟ್ಟಿತ್ತೇನು? ನಾಳೆ ಇದು ಬರೇ ಬೆಳ್ಳಿ ನೋಡು. ಅಕ್ಕಸಾಲಿ ತೂಕದ ಮ್ಯಾಲ ತಗೋತಾನ."

ನನ್ನ ಬೆರಳು ಗಂಟಿನ ಮೇಲೇ ನಿಂತಿತು. ನನ್ನ ತಡವರಿಕೆ ಕಂಡು ಆತ ಮರದತ್ತ ಎದ್ದ. "ಹಂಗಾರ ಒಂದಿಷ್ಟು ಹಿಡಿ. ಹಲಗಿ ಇಳಿಸೂನು."

ಹಗ್ಗ ಬಿಚ್ಚಿದಾಗ ಹಲಗೆ ನನ್ನ ಕೈಯಲ್ಲಿ ಹೊರಳಿತು. ಒಂದು ಮುಖದಲ್ಲಿ ನೂರಾ ಹದಿನಾರು, ಇನ್ನೊಂದರಲ್ಲಿ ನೂರಾ ಹತ್ತೊಂಬತ್ತು.

"ಕಾಕಾ, ಒಂದು ಮುಖ ಅಳಿಸೂದು ಮರ್ತೀರೇನು?"

ಆತ ನಕ್ಕ. "ಮರೆಯೂದೇನು? ಹೋಗವರಿಗೆ ಕಾಣೂ ಮುಖ ನಾ ಹಾಲಿ ಕೊಡೂ ದರ. ಬರವರಿಗೆ ಕಾಣೂದು ನಾ ತಗೊಳ್ಳೂ ದರ. ನಡುವಿನ ಮೂರು ರೂಪಾಯಿನ್ಯಾಗ ನನ್ನ ಒಲಿ ಉರಿದೈತಿ. ಪುಕಸಟ್ಟೆ ಕುಂಡ್ರತಿದ್ನೇನು ಈ ಜಾಲಿ ನೆರಳಾಗ?"

"ಮೊದಲಿಂದಾನೂ ಹಿಂಗ?"

"ನಮ್ಮಪ್ಪನ ಕಾಲದಿಂದ."

"ನಮಗ್ಯಾರಿಗೂ ಹೇಳಲಿಲ್ಲಲ್ರಿ."

"ಯಾರು ಕೇಳಿದ್ರವ್ವಾ?"

ಅಣ್ಣ ಹೋಗುತ್ತ ಓದಿದ್ದ. ಹೋಗುವಾಗ ಅಪ್ಪನ ಕಣ್ಣು ಮಗನ ಮೇಲಿದ್ದಿರಬೇಕು. ಅಪ್ಪ ಒಬ್ಬನೇ ಮರಳುವಾಗ ತಲೆಯೆತ್ತಿ ನೋಡಿದ್ದ. ಗಂಟು ಬಿಚ್ಚದೆ ನಾನು ಹೊಳೆಗೆ ಇಳಿದೆ. ಚನಮಲ್ಲಪ್ಪ ಹಿಂದಿನಿಂದ ಕೂಗಿದ: "ಏ, ಹೊತ್ತು ಮುಳುಗಿದ್ರ ನಾ ಇರಂಗಿಲ್ಲ ಮತ್ತ!"

ಆಚೆ ದಂಡೆಯಲ್ಲಿ ಅಣ್ಣ ತನ್ನ ಮನೆಯ ಕಟ್ಟೆಯ ಮೇಲೆ ಪುಂಡಿನಾರು ಹೊಸೆಯುತ್ತ ಕೂತಿದ್ದ. ಮೀಸೆ ಪೂರಾ ಬೆಳ್ಳಗಾಗಿತ್ತು. ನನ್ನನ್ನು ಕಂಡರೂ ಏಳಲಿಲ್ಲ.

"ಮೂರು ರೂಪಾಯಿ ಕೇಳಾಕ ಬಂದ್ಯಾ?"

ಹಲಗೆಯ ಸಂಗತಿ ಹೇಳಿದೆ. ಅವನ ಕೈಯಲ್ಲಿ ನಾರು ನಿಂತಿತು.

"ಹಂಗಾದ್ರ ಅಪ್ಪ ಸುಳ್ಳು ಹೇಳಿರಲಿಲ್ಲ."

"ನೀನೂ ಹೇಳಿರಲಿಲ್ಲಣ್ಣಾ."

ಅವನು ನಾರನ್ನು ಪಕ್ಕಕ್ಕಿಟ್ಟ. "ಅದನ್ನ ಅವಗ ಈಗ ಯಾರು ಹೇಳತಾರ?"

ಗಂಟನ್ನು ಅವನ ಮುಂದಿಟ್ಟೆ. ಅವನು ಬೆರಳ ತುದಿಯಿಂದ ಈಚೆ ಸರಿಸಿದ.

"ಅಪ್ಪಗ ಕೊಟ್ಟದ್ದು. ನಾ ಹೆಂಗ ತಗೊಳ್ಳಲಿ?"

"ಅಪ್ಪ ತಗೊಂಡಿಲ್ಲ. ನಾ ಹೆಂಗ ಇಟ್ಟಕೊಳ್ಳಲಿ?"

ಅತ್ತಿಗೆ ರೊಟ್ಟಿ ತಂದಳು. ಒಂದೇ ತಾಟಿನಲ್ಲಿ ಇಬ್ಬರೂ ತಿಂದೆವು. ಅಷ್ಟು ವರ್ಷ ನಮ್ಮ ನಡುವೆ ಇದ್ದದ್ದು ಆ ಮೂರು ರೂಪಾಯಿ. ಅದು ಹೋದಮೇಲೆ ಮಾತಾಡಲು ಏನೂ ತೋಚಲಿಲ್ಲ. ಇರು ಎಂದು ಅವನು ಅನ್ನಲಿಲ್ಲ, ಇರುತ್ತೇನೆಂದು ನಾನೂ ಅನ್ನಲಿಲ್ಲ. ತಲೆಗೆ ಬಿಳಿ ರುಮಾಲು ಸುತ್ತಿ ನೀರಿನ ತನಕ ಕಳಿಸಲು ಬಂದ.

ಈಚೆ ದಂಡೆ ಹತ್ತುವಾಗ ಹೊತ್ತು ಮುಳುಗಿತ್ತು. ಸರಾಫನ ಕಟ್ಟೆ ಬರಿದಾಗಿತ್ತು. ಮಡಿಲಿನ ಗಂಟು ಇನ್ನು ತೂಕದ ಬೆಳ್ಳಿ. ಜಾಲಿಯ ಟೊಂಗೆಯಲ್ಲಿ ಹಗ್ಗವೊಂದೇ ಗಾಳಿಗೆ ತಿರುಗುತ್ತಿತ್ತು. ಬರುವವರು ನಿಲ್ಲುವ ಕಡೆ ನಿಂತು ನೋಡಿದೆ. ಆಮೇಲೆ ಮರವನ್ನು ಬಳಸಿ, ಹೋಗುವವರು ನಿಲ್ಲುವ ಕಡೆಗೂ ಬಂದು ನಿಂತೆ. ಆಚೆ ದಂಡೆಯ ನಸುಗತ್ತಲಲ್ಲಿ ಬೆಳ್ಳನೆಯದೊಂದು ರುಮಾಲು ಇನ್ನೂ ಹಾಗೇ ನಿಂತಿತ್ತು.