ವರಾಂಡದ ಫೋರ್‌ಮನ್

ಬಾಟಲಿ ಕಾರ್ಖಾನೆಯ ಕುಲುಮೆ ಆರಿದ ಮೇಲೆ ನಾನೂರು ಜನ ಒಂದೇ ವಾರದಲ್ಲಿ ಬೀದಿಗೆ ಬಿದ್ದರು. ಅದರ ಹಿಂದೆಯೇ ಲೇಬಲ್ ಅಚ್ಚು ಹಾಕುತ್ತಿದ್ದ ಪ್ರೆಸ್ಸು, ರಟ್ಟಿನ ಪೆಟ್ಟಿಗೆಯ ಶೆಡ್ಡು, ಎರಡು ಲಾರಿ ಕಂಪನಿಗಳೂ ಬಾಗಿಲು ಎಳೆದುಕೊಂಡವು. ಎಲ್ಲರೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಉದ್ಯೋಗ ಸಹಾಯ ಕೇಂದ್ರದ ಮೊದಲನೇ ಮಹಡಿಯಲ್ಲಿ, ಮೇಡಂ ಮೇಜಿನ ಮುಂದೆ.

ಹನ್ನೆರಡು ವರ್ಷದಿಂದ ಆ ಮೇಜು ಅವಳದು. ಅರ್ಜಿ ತಿದ್ದುವುದು, ಸಂದರ್ಶನದಲ್ಲಿ ಹೇಗೆ ಕೂರಬೇಕು, ಕೈ ಎಲ್ಲಿಡಬೇಕು ಎಂದು ಹೇಳಿಕೊಡುವುದು, ಕಂಪನಿಗಳಿಗೆ ಫೋನ್ ಮಾಡಿ ಗೋಗರೆಯುವುದು, ಎಲ್ಲ ಅವಳದೇ. ಕೆಲಸ ಸಿಕ್ಕವರು ಬಂದು "ನಿಮ್ಮಿಂದಾನೇ ಮೇಡಂ" ಅಂದರೆ ಅವತ್ತಿಡೀ ಅವಳಿಗೆ ಹಸಿವೂ ಆಗುತ್ತಿರಲಿಲ್ಲ.

ಫೋರ್‌ಮನ್ ಮೊದಲು ಬಂದದ್ದೂ ಕೆಲಸ ಕೇಳಿಕೊಂಡೇ. ಐವತ್ತು ದಾಟಿದವನು, ಇಪ್ಪತ್ತೇಳು ವರ್ಷ ಕುಲುಮೆಯ ಮುಂದೆ ನಿಂತು ಮುಖ ಕಂಚಿನ ಬಣ್ಣಕ್ಕೆ ತಿರುಗಿತ್ತು. ಅರ್ಜಿ ಕೊಟ್ಟವನು ಮನೆಗೆ ಹೋಗಲಿಲ್ಲ, ವರಾಂಡದ ಬೆಂಚಿನ ಮೇಲೆ ಕೂತ. ಮಾರನೆಯ ದಿನವೂ ಬಂದು ಕೂತ.

"ಮನೇಲಿದ್ರೆ ಗೋಡೆ ನೋಡ್ಬೇಕು ಮೇಡಂ. ಇಲ್ಲಿ ನಮ್ಮ ಜನನಾದ್ರೂ ಸಿಕ್ತಾರೆ" ಅಂದ. ಕೂತರೆ ಕೂರಲಿ ಎಂದು ಅವಳೂ ಸುಮ್ಮನಾದಳು.

ತಿಂಗಳಾಗುವಷ್ಟರಲ್ಲಿ ಒಬ್ಬ ಹೆಂಗಸು ನಗುನಗುತ್ತಾ ಒಳಗೆ ಬಂದಳು. ಕಾರ್ಖಾನೆಯಲ್ಲಿ ಬಾಟಲಿ ಪರೀಕ್ಷಿಸುತ್ತಿದ್ದವಳು. "ಕನ್ನಡಕದ ಅಂಗಡೀಲಿ ಕೆಲಸ ಸಿಕ್ತು ಮೇಡಂ, ನನ್ನ ಫೈಲ್ ಮುಚ್ಚಿಬಿಡಿ."

ಮೇಡಂ ಫೈಲು ತೆಗೆದಳು. 'ವಿಶೇಷ ಅನುಭವ ಇಲ್ಲ' ಎಂದಿತ್ತು, ಅವಳದೇ ದುಂಡನೆ ಅಕ್ಷರದಲ್ಲಿ. "ಅಲ್ಲಿಗೆ ಯಾರು ಕಳಿಸಿದ್ದು?"

"ಬೆಂಚಿನ ಅಣ್ಣ. 'ಬೆಲ್ಟಿನ ಮೇಲೆ ಓಡೋ ಬಾಟಲೀಲಿ ಕೂದಲೆಳೆ ಬಿರುಕು ಹಿಡೀತಿದ್ದೆಯಲ್ಲ ತಾಯಿ, ಆ ಕಣ್ಣು ಇನ್ಯಾರಿಗಿದೆ? ಲೆನ್ಸ್ ಉಜ್ಜೋರ ಹತ್ರ ಹೋಗು' ಅಂದ್ರು."

"ಒಳ್ಳೇದಾಯ್ತು ಬಿಡಿ" ಅಂದಳು ಮೇಡಂ. ಅಂದದ್ದು ಬಾಯಿ ಮಾತ್ರ.

ಅಂದಿನಿಂದ ಅವಳ ಒಂದು ಕಿವಿ ವರಾಂಡದಲ್ಲೇ ಉಳಿಯಿತು. ನೀರು ಕುಡಿಯುವ ನೆಪದಲ್ಲಿ ದಿನಕ್ಕೆ ಹತ್ತು ಸಲ ಬಾಗಿಲು ತೆರೆದು ನೋಡುವಳು. ಅವನ ಸುತ್ತ ಯಾವಾಗಲೂ ಆರೇಳು ತಲೆ. ಒಳಗೆ ಅವಳ ಮುಂದೆ ಕುರ್ಚಿಯ ತುದಿಗೆ ಕೂತು ಉಗುರು ಕಚ್ಚುವ ಜನ ಅಲ್ಲಿ ಗಹಗಹಿಸಿ ನಗುತ್ತಿದ್ದರು. ಸಂಬಳ ಪಡೆದು ಕೂತ ತನ್ನ ಮೇಜಿಗಿಂತ, ಕೆಲಸವಿಲ್ಲದವನ ಬೆಂಚು ಹೆಚ್ಚಾಯಿತೇ ಇವರಿಗೆ?

ಮೈದುನನ ವಿಷಯದಲ್ಲಿ ಮಾತ್ರ ಅವಳಿಗೆ ಪೆಟ್ಟು ಸರಿಯಾಗಿಯೇ ಬಿತ್ತು. ಅವನೂ ಅದೇ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡಿಕೊಂಡಿದ್ದವನು. ಕೆಲಸ ಹೋದಾಗಿನಿಂದ ಇವರ ಮನೆಯಲ್ಲೇ ಇದ್ದ. ಐದು ತಿಂಗಳಿಂದ ಅವಳು ಅವನಿಗಾಗಿ ಹದಿನೆಂಟು ಅರ್ಜಿ ಬರೆದಿದ್ದಳು. ಒಂದು ಸಂಜೆ ಊಟಕ್ಕೆ ಕೂತಾಗ ಅವನು ತಟ್ಟೆ ನೋಡುತ್ತಲೇ ಹೇಳಿದ: "ಅತ್ತಿಗೆ, ಸೋಮವಾರದಿಂದ ಕೆಲಸಕ್ಕೆ ಹೋಗ್ತೀನಿ. ಮನೆ ಸಾಮಾನು ಸಾಗಿಸೋ ಕಂಪನಿ."

"ನಾನು ಅಲ್ಲಿಗೆ ಬರ್ದೇ ಇರ್ಲಿಲ್ವಲ್ಲ?"

"ಫೋರ್‌ಮನ್ ಅಣ್ಣ ಹೇಳಿದ್ರು. ಗಾಜು ಒಡೀದಂಗೆ ಕಟ್ಟೋನಿಗೆ ಅಲ್ಲಿ ಬೆಲೆ ಇದೆ ಅಂತ. ಬೇಜಾರು ಮಾಡ್ಕೋಬೇಡಿ ಅತ್ತಿಗೆ."

"ಬೇಜಾರು ಯಾಕೆ? ಕೆಲಸ ಸಿಕ್ತಲ್ಲ."

"ಮಹಾನುಭಾವ ಕಣಪ್ಪ ಅವನು" ಅಂದರು ಅತ್ತೆ, ಇನ್ನೂ ಅವನ ಮುಖವನ್ನೇ ನೋಡದವರು. ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. ಗಂಡ ನೀರಿನ ಲೋಟ ಮುಂದೆ ಸರಿಸಿದ. ಅವಳು ಅದನ್ನೂ ಮುಟ್ಟಲಿಲ್ಲ.

ಮರುದಿನವೇ, ಓಡಾಡಲು ಅಡ್ಡವಾಗುತ್ತದೆಂದು ಹೇಳಿ ಬೆಂಚು ತೆಗೆಸಿದಳು. ಫೋರ್‌ಮನ್ ತಕರಾರು ಮಾಡಲಿಲ್ಲ. ಮೆಟ್ಟಿಲ ಮೇಲೆ ಕೂತ. ಈಗ ಜನ ಅವಳ ಬಾಗಿಲ ತನಕವೂ ಬರದೆ ಮೆಟ್ಟಿಲಿಂದಲೇ ಹಿಂತಿರುಗತೊಡಗಿದರು.

ಅಷ್ಟರಲ್ಲಿ ಒಂದು ಪತ್ರ ಬಂತು. ರೈಲಿನಲ್ಲಿ ಹತ್ತು ತಾಸು ದೂರದ ಊರಿನ ಗಾಜಿನ ಕಾರ್ಖಾನೆಗೆ ಅನುಭವಸ್ಥ ಮೇಲ್ವಿಚಾರಕ ಬೇಕಾಗಿದ್ದ. ಹತ್ತು ತಾಸು! ಮೇಡಂ ಆ ಸಾಲನ್ನು ಎರಡು ಸಲ ಓದಿದಳು. ಆಮೇಲೆ ಬಾಗಿಲು ಹಾಕಿಕೊಂಡು, ಹನ್ನೆರಡು ವರ್ಷದಲ್ಲಿ ಯಾರಿಗೂ ಬರೆಯದಂಥ ಶಿಫಾರಸು ಬರೆದಳು. ಕುಲುಮೆಯ ಸದ್ದಿನಲ್ಲೇ ಅದರ ಕಾಯಿಲೆ ಹೇಳುವವನು, ಒಬ್ಬೊಬ್ಬರ ಕೈಯಲ್ಲಿ ಏನಿದೆ ಎಂದು ಬಲ್ಲವನು ಎಂದೆಲ್ಲ. ವಯಸ್ಸಾಯಿತು ಎಂದು ಆ ಕಡೆಯವರು ರಾಗ ಎಳೆದಾಗ ಮೂರು ದಿನ ಫೋನಿನಲ್ಲಿ ಜಗಳವಾಡಿದಳು. ಒಬ್ಬ ಮನುಷ್ಯನನ್ನು ಊರು ಬಿಡಿಸಲು ಇಷ್ಟು ಬೆವರು ಸುರಿಸಬೇಕೇ ಎಂದು ನಡುನಡುವೆ ಅವಳಿಗೇ ನಾಚಿಕೆಯಾಗುತ್ತಿತ್ತು. ಆದರೂ ಬಿಡಲಿಲ್ಲ. ನಾಲ್ಕನೇ ದಿನ ಒಪ್ಪಿಗೆ ಬಂತು.

ಪತ್ರ ಕೈಗಿತ್ತಾಗ ಫೋರ್‌ಮನ್ ಅದನ್ನು ಬಿಡಿಸಿ ಓದಿದ. ದಪ್ಪ ಬೆರಳಿನಿಂದ ತನ್ನ ಹೆಸರನ್ನು ಸವರಿದ.

"ಎಂಟು ತಿಂಗಳಾಯ್ತು ಮೇಡಂ. ನಿನಗೇನಪ್ಪಾ ಬೇಕು ಅಂತ ಒಬ್ರೂ ಕೇಳ್ಲಿಲ್ಲ. ನೀವೊಬ್ರು ಮನಸ್ಸಿನಲ್ಲಿಟ್ಕೊಂಡಿದ್ರಿ."

"ಮನಸ್ಸಿನಲ್ಲಿದ್ದದ್ದು ಹೌದು" ಅಂದಳು ಅವಳು, ಕಿಟಕಿಯ ಕಡೆ ತಿರುಗಿ. ಅವನ ಹೆಂಡತಿ ಮೆಟ್ಟಿಲ ಬಳಿ ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಾಗ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವನು ಹೋದ. ವರಾಂಡ ಬಿಕೋ ಅಂದಿತು. ಜನ ಮತ್ತೆ ಒಳಗೆ ಬಂದು ಕುರ್ಚಿಯ ತುದಿಗೆ ಕೂತು ಮೊದಲು ಕೇಳುತ್ತಿದ್ದದ್ದು ಒಂದೇ: "ಅಣ್ಣನ ನಂಬರ್ ಇದೆಯಾ ಮೇಡಂ?" ಎದುರಿಗಿಲ್ಲದವನ ಮೇಲೆ ಹೊಟ್ಟೆ ಉರಿಸಿಕೊಳ್ಳುವುದು ಇನ್ನೂ ಕಷ್ಟ, ಬೈಯಲು ಬೆಂಚೂ ಇಲ್ಲ.

ಆರು ವಾರ ಕಳೆದ ಮೇಲೆ ಅವನ ಫೋನೇ ಬಂತು. ಎರಡನೇ ಕುಲುಮೆ ಹಚ್ಚುತ್ತಾರಂತೆ, ಜನ ಬೇಕಂತೆ. ಯಾರು ಯಾರು ಎಂದು ಒಂದೇ ಉಸಿರಿನಲ್ಲಿ ಹನ್ನೊಂದು ಹೆಸರು ಹೇಳಿದ. ಅವಳು ಬಾಯಿ ಬಿಗಿಹಿಡಿದು ಬರೆದುಕೊಂಡಳು. ಹನ್ನೊಂದೂ ಜನರಿಗೆ ಟಿಕೆಟ್ಟು, ಕಾಗದಪತ್ರ ಎಲ್ಲ ತಾನೇ ನಿಂತು ಮಾಡಿಸಿ ರೈಲು ಹತ್ತಿಸಿದಳು.

ತಿಂಗಳ ಸಭೆಯಲ್ಲಿ ಸಾಹೇಬರು ಮೇಜು ತಟ್ಟಿದರು. "ಒಂದೇ ಏಟಿಗೆ ಹನ್ನೊಂದು ಜನ! ಮೇಡಂನ ನೋಡಿ ಕಲೀರಿ."

ಎಲ್ಲರೂ ಚಪ್ಪಾಳೆ ಹೊಡೆದರು. ಎಷ್ಟೋ ದಿನದಿಂದ ಕಾದಿದ್ದ ಸದ್ದು ಅದು. ಆದರೆ ಅವಳ ನಾಲಿಗೆ ತಡೆಯಲಿಲ್ಲ. "ಅದು ನಂದಲ್ಲ ಸಾರ್. ಫೋರ್‌ಮನ್ ಕರೆಸಿಕೊಂಡಿದ್ದು. ಇಲ್ಲಿದ್ದಾಗ್ಲೂ ಅವರೇ ಎಷ್ಟೋ ಜನಕ್ಕೆ ದಾರಿ ತೋರಿಸಿದ್ರು."

"ಹೌದೇನ್ರೀ? ಹಾಗಾದ್ರೆ ಅವರು ಊರಿಗೆ ಬಂದಾಗ ಒಂದು ಸನ್ಮಾನ ಇಟ್ಕೊಳ್ಳೋಣ. ನೀವೇ ನಾಲ್ಕು ಮಾತಾಡಿ, ನಿಮಗೇ ಚೆನ್ನಾಗಿ ಗೊತ್ತು."

ನನ್ನ ಬಾಯಿಗೆ ನಾನೇ ಮಣ್ಣು ಹಾಕಿಕೊಂಡೆ ಎಂದು ಬೈದುಕೊಳ್ಳುತ್ತಾ ಅವಳು ಮೇಜಿಗೆ ಮರಳಿದಳು. ಬಿಳಿ ಹಾಳೆ ತೆಗೆದು ಬರೆಯಲು ಕೂತಳು. 'ನಮಗೆ ತುಂಬಾ ನೆರವಾದವರು' ಎಂದು ಬರೆದು 'ತುಂಬಾ' ಹೊಡೆದು ಹಾಕಿದಳು. ಸ್ವಲ್ಪ ಹೊತ್ತು ಪೆನ್ನು ಕಚ್ಚಿದಳು. ಆಮೇಲೆ ಅದೇ ಪದವನ್ನು ಮೇಲುಗಡೆ, ಚಿಕ್ಕ ಅಕ್ಷರದಲ್ಲಿ, ಮತ್ತೆ ಬರೆದಳು.