ಅರ್ಲೀನ್ ನುಂಗದ ಮಾತ್ರೆ

೧

ಈ ಕಥೆಯನ್ನು ಗಾಳಿಪಟದಿಂದ ಶುರುಮಾಡಬೇಕೋ ಕಕ್ಕಸಿನಿಂದಲೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಗಾಳಿಪಟದಿಂದ ಶುರುಮಾಡಿದರೆ ಇದೇನೋ ಕಾವ್ಯಮಯವಾಗಿರಬಹುದೆಂದು ನೀವು ಮೋಸಹೋಗುತ್ತೀರಿ. ಕಕ್ಕಸಿನಿಂದ ಶುರುಮಾಡಿದರೆ ಪುಸ್ತಕ ಮುಚ್ಚುತ್ತೀರಿ. (ಕಾಫಿ ಕುಡಿಯುತ್ತ ಓದುತ್ತಿದ್ದರೆ ಲೋಟ ಸ್ವಲ್ಪ ದೂರ ಇಡಿ.) ಹಾಗಾಗಿ ಟೀವಿಯಿಂದ ಶುರುಮಾಡುತ್ತೇನೆ.

ಪೆನ್ಸಿಲ್ವೇನಿಯಾದ ಈರಿ ಊರಿನಲ್ಲಿ, ಸಂಜೆಯ ವಾರ್ತೆಯ ನಡುವೆ, ಅರ್ಲೀನ್ ಡಂಬ್ರೋಸ್ಕಿ ಟೀವಿಯಲ್ಲಿ ಬಂದಳು. ಅರವತ್ತೆರಡು ವರ್ಷ. ಇಪ್ಪತ್ತಾರು ವರ್ಷ ಶಾಲೆಯ ಕ್ಯಾಂಟೀನಿನಲ್ಲಿ ಮಕ್ಕಳಿಗೆ ಊಟ ಬಡಿಸಿ ನಿವೃತ್ತಳಾದವಳು. ಊರಿನ ಹವ್ಯಾಸಿ ನಾಟಕ ತಂಡದಲ್ಲಿ ಖಾಯಂ ಅತ್ತೆ. ಪಿಟ್ಸ್‌ಬರ್ಗಿನಲ್ಲಿ ಯಾವುದೋ ಜಾಹೀರಾತಿಗೆ ‘ನಿಜವಾದ ಮುಖ’ ಬೇಕಂತೆ ಎಂದು ಯಾರೋ ಹೇಳಿದ್ದಕ್ಕೆ ಎರಡು ದಿನ ಹೋಗಿಬಂದಿದ್ದಳು. ಮುಖ ನಿಜವೇ ಆಗಿತ್ತು. ಕಾಯಿಲೆ ಮಾತ್ರ ಇರಲಿಲ್ಲ.

ಜಾಹೀರಾತು ಹೀಗಿದೆ. ಮದುವೆ ಮನೆ. ಮಂಕು ಬೆಳಕು. ಅರ್ಲೀನ್ ಹೊಟ್ಟೆ ಹಿಡಿದುಕೊಂಡು ಮುಚ್ಚಿದ ಕಕ್ಕಸಿನ ಬಾಗಿಲ ಮುಂದೆ ಒದ್ದಾಡುತ್ತಾಳೆ. ‘ಕೊಲಂಬ್ರೀವಾ’ ಎಂಬ ಕರುಳಿನ ಮಾತ್ರೆ ನುಂಗುತ್ತಾಳೆ. ಕೂಡಲೇ ಲೋಕಕ್ಕೆ ಬಣ್ಣ ಬರುತ್ತದೆ. ಅವಳು ಸರೋವರದ ದಂಡೆಯಲ್ಲಿ ಗಾಳಿಪಟ ಹಾರಿಸುತ್ತಾಳೆ. ಅಷ್ಟರಲ್ಲಿ ಗಂಡಸಿನ ದನಿಯೊಂದು ಜೋಗುಳ ಹಾಡುವವರಂತೆ ತಲೆನೋವು, ವಾಂತಿ, ಕಾಮಾಲೆ, ಕಾರಣವಿಲ್ಲದ ಸಿಟ್ಟು, ಅಪರೂಪಕ್ಕೆ ಸಾವು ಎಂದು ಮಾತ್ರೆಯ ಅಡ್ಡಪರಿಣಾಮಗಳನ್ನು ಹೇಳುತ್ತ ಹೋಗುತ್ತದೆ. ‘ಸಾವು’ ಎನ್ನುವಾಗಲೇ ಅರ್ಲೀನ್ ಬಾಯ್ತುಂಬ ನಗುವುದು. (ಆ ನಗುವನ್ನು ನಿರ್ದೇಶಕ ಹನ್ನೊಂದು ಸಲ ತೆಗೆಸಿದ.) ಕೊನೆಯಲ್ಲಿ, ನಿಮ್ಮ ಡಾಕ್ಟರನ್ನು ಕೇಳಿ.

೨

ಡಾಕ್ಟರನ್ನು ಯಾರೂ ಕೇಳಲಿಲ್ಲ. ಅರ್ಲೀನಳನ್ನೂ ಕೇಳಲಿಲ್ಲ. ಕಾಯಿಲೆ ನಿಜವೆಂದೇ ನಂಬಿ ಊರವರು ಊಟ ತಂದುಕೊಟ್ಟರು.

ಭಾನುವಾರ ಚರ್ಚು ಬಿಡುವಷ್ಟರಲ್ಲಿ ಅವಳ ಕಾರಿನ ಮೇಲೆ ಬಟಾಟೆ-ಚೀಸ್ ಬೇಯಿಸಿದ ಮೂರು ಟ್ರೇಗಳಿದ್ದವು. ಒಂದರ ಮೇಲೆ ‘ಈರುಳ್ಳಿ ಹಾಕಿಲ್ಲ’ ಎಂಬ ಚೀಟಿ. ಚರ್ಚಿನ ಶುಕ್ರವಾರದ ಮೀನೂಟದಲ್ಲಿ ಹೆಂಗಸರ ಶೌಚಾಲಯದ ಮುಂದೆ ಎಂಟು ಜನರ ಸಾಲಿತ್ತು. ಅರ್ಲೀನ್ ಬಂದದ್ದೇ ಸಾಲು ಇಬ್ಭಾಗವಾಗಿ ದಾರಿ ಬಿಟ್ಟಿತು. ಅವಳು ಬಂದದ್ದು ಕೈ ತೊಳೆಯಲಿಕ್ಕೆ. ಆದರೂ ಒಳಗೆ ಹೋಗಿ ಮರ್ಯಾದೆಗೆಂದು ಐದು ನಿಮಿಷ ಕೂತುಬಂದಳು.

ಬಫಲೋದಿಂದ ಅಕ್ಕ ಜೆನೀವ್ ಫೋನು ಮಾಡಿ ಅತ್ತಳು.

“ಇಷ್ಟೆಲ್ಲ ಹೊಟ್ಟೇಲಿಟ್ಕೊಂಡು ನನಗೊಂದು ಮಾತು ಹೇಳ್ಲಿಲ್ವಲ್ಲೇ.”

“ಅಕ್ಕಾ, ಅದು ನಟನೆ ಕಣೇ.”

“ನಿನ್ನ ನಟನೆ ನಾನು ನೋಡಿಲ್ವಾ? ಅಷ್ಟು ಚೆನ್ನಾಗಿ ನಿಂಗೆ ಬರಲ್ಲ.”

೩

(ಈ ಭಾಗವನ್ನು ಹರಿದುಹಾಕಿದ್ದೇನೆ. ಔಷಧಿ ಕಂಪನಿಗಳ ಬಗ್ಗೆ ಎರಡು ಪುಟದ ಉಪನ್ಯಾಸವಿತ್ತು. ಅರ್ಲೀನಳ ಮನೆಯಿಂದ ಮೂರನೇ ಮನೆ ನನ್ನದು, ಓದಲು ಕೊಟ್ಟೆ. ಮೊದಲ ಪುಟಕ್ಕೇ ಅರ್ಲೀನ್ ಆಕಳಿಸಿದಳು.)

೪

ಈಗ ಎಲ್ಮರ್ ವೈಸ್ ಬರುತ್ತಾನೆ. ರೈಲು ಎಂಜಿನ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು, ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಬುಧವಾರ ಮಧ್ಯಾಹ್ನ ಚೆಂಡು ಉರುಳಿಸುವ ಬೌಲಿಂಗ್ ಆಟದಲ್ಲಿ ಅರ್ಲೀನಳ ತಂಡದವನು. ಒಂಬತ್ತು ವರ್ಷದಲ್ಲಿ ಅವಳೊಂದಿಗೆ ಆಡಿದ ಮಾತೆಲ್ಲ ಸೇರಿಸಿದರೆ ಒಂದು ಪೋಸ್ಟ್‌ಕಾರ್ಡು ತುಂಬುವುದಿಲ್ಲ. ಅಂಥವನು ಆ ಬುಧವಾರ ಆಟ ಮುಗಿದ ಮೇಲೆ, ಒಂದು ನಿಮಿಷ ಬನ್ನಿ ಎಂದು ತನ್ನ ಕಾರಿನಲ್ಲಿ ಕೂರಿಸಿಕೊಂಡ. ಕಾರು ಚಾಲು ಮಾಡಲಿಲ್ಲ. ಸ್ಟೀರಿಂಗಿನೊಡನೆ ಮಾತಾಡಿದ.

“ಆ ಮಾತ್ರೆ ಕೆಲಸ ಮಾಡುತ್ತಾ?”

ಅವಳು ಬಾಯಿ ತೆರೆಯುವ ಮೊದಲೇ ಉಳಿದದ್ದೂ ಹೊರಬಿತ್ತು. ಎಂಟು ತಿಂಗಳಿಂದ ರಕ್ತ ಹೋಗುತ್ತಿದೆ. ಕ್ಲೀವ್‌ಲ್ಯಾಂಡಿನಲ್ಲಿರುವ ಮಗಳಿಗೂ ಹೇಳಿಲ್ಲ. ಕರುಳಿಗೆ ಕೊಳವೆ ಬಿಟ್ಟು ನೋಡಬೇಕೆಂದು ಡಾಕ್ಟರು ಹೇಳಿದ್ದಾರೆ. ಅರಿವಳಿಕೆ ಕೊಡುವುದರಿಂದ ಪರಿಚಯದವರು ಯಾರಾದರೂ ಬಂದು ಮನೆಗೆ ಕರೆದುಕೊಂಡು ಹೋಗಬೇಕು, ಇಲ್ಲದಿದ್ದರೆ ಆಸ್ಪತ್ರೆಯವರು ಮುಟ್ಟುವುದೇ ಇಲ್ಲ. ಯಾರನ್ನು ಕರೆಯುವುದು, ಏನೆಂದು ಹೇಳುವುದು? ಎರಡು ಸಲ ತಾರೀಕು ತಪ್ಪಿಸಿದ್ದಾನೆ. ಆಮೇಲೆ ಟೀವಿಯಲ್ಲಿ ಅವಳನ್ನು ಕಂಡ. ಇಡೀ ದೇಶಕ್ಕೆ ಹೇಳಿಕೊಂಡವಳ ಮುಂದೆ ತಾನು ಹೇಳಿಕೊಳ್ಳಬಹುದು ಅನ್ನಿಸಿತು.

ಹೌದು, ಕೆಲಸ ಮಾಡುತ್ತೆ ಎಂದುಬಿಟ್ಟರೆ ಅವನ ಮುಖ ಹಗುರಾಗುತ್ತಿತ್ತು. ಅರ್ಲೀನಳಿಗೆ ಅದು ಗೊತ್ತಿತ್ತು. ಹಗುರಾದವನು ಪರೀಕ್ಷೆಗೆ ಹೋಗುವುದಿಲ್ಲ ಎನ್ನುವುದೂ ಗೊತ್ತಿತ್ತು.

“ಎಲ್ಮರ್, ಆ ಮಾತ್ರೇನ ನಾನು ಕಣ್ಣಲ್ಲೂ ಕಂಡಿಲ್ಲ. ಶೂಟಿಂಗಲ್ಲಿ ನುಂಗಿದ್ದು ಪೆಪ್ಪರ್‌ಮಿಂಟು. ನನಗೆ ಯಾವ ಕಾಯಿಲೇನೂ ಇಲ್ಲ.”

ಅವನ ಕಿವಿ ಕೆಂಪಾಯಿತು.

“ಹಾಗಾದ್ರೆ ನಾನು ಇಷ್ಟು ಹೊತ್ತು ಯಾರ ಹತ್ರ ಹೇಳ್ಕೊಂಡೆ?”

“ನನ್ನ ಹತ್ರಾನೇ. ಯಾವತ್ತಿಗೆ ತಾರೀಕು ಸಿಗುತ್ತೆ ಕೇಳಿ.”

ಅವನು ಕೀಲಿ ತಿರುಗಿಸಿದ. ಅವಳು ಇಳಿದದ್ದೇ ಕಾರು ಹೊರಟಿತು. ಮುಂದಿನ ಬುಧವಾರ ಬೌಲಿಂಗಿಗೂ ಬರಲಿಲ್ಲ. ಅವಳು ಸಿಕ್ಕಿದ್ದನ್ನೆಲ್ಲ ತಿಂದು, ಆಮೇಲೆ ಬಂದ ನಾಲ್ಕು ಟ್ರೇಗಳನ್ನೂ ಖಾಲಿ ಮಾಡಿ, ತನ್ನನ್ನು ತಾನೇ ಬೈದುಕೊಂಡಳು. ಹತ್ತನೇ ದಿನ ಫೋನು ಬಂತು. ಗುರುವಾರ, ಬೆಳಿಗ್ಗೆ ಏಳಕ್ಕೆ ಎಂದಷ್ಟೇ ಹೇಳಿ ಇಟ್ಟುಬಿಟ್ಟ.

೫

ಬುಧವಾರವಿಡೀ ಅವನು ಹೊಟ್ಟೆ ತೊಳೆಯುವ ನೀರು ಕುಡಿಯಬೇಕಿತ್ತು. ಅರ್ಲೀನ್ ಗಂಟೆಗೊಮ್ಮೆ ಫೋನು ಮಾಡಿ ಎಷ್ಟಾಯಿತೆಂದು ಕೇಳಿದಳು. ನಾಲ್ಕನೇ ಸಲ ಅವನು, ಈ ಹೊತ್ತಿನಲ್ಲಿ ಮಾತಾಡಿಸುವವರು ನಿಜವಾಗಿ ಸ್ನೇಹಿತರಲ್ಲ ಎಂದನಂತೆ. ಗುರುವಾರ ಆಸ್ಪತ್ರೆಯ ಕೌಂಟರಿನವಳು ಅರ್ಲೀನಳನ್ನು ನೋಡಿದ್ದೇ ಗುರುತು ಹಿಡಿದು, ರೋಗಿಯ ಕೈಪಟ್ಟಿಯನ್ನು ಅವಳ ಕೈಗೇ ಕಟ್ಟಲು ಹೊರಟಳು.

ಎಲ್ಮರನನ್ನು ಒಳಗೆ ಕರೆದೊಯ್ದರು. ಅವಳು ಹೊರಗೆ ಕೂತಳು. ಈ ಬಿಡುವಿನಲ್ಲಿ ನಾನು ಈ ಕಥೆಗೆ ಬರೆದಿಟ್ಟಿದ್ದ ಅಂತ್ಯಗಳನ್ನು ಅವಳಿಗೆ ತೋರಿಸಿದೆ.

ಅಂತ್ಯ ಅ: ಇಬ್ಬರಿಗೂ ಮದುವೆಯಾಗುತ್ತದೆ.

“ಆಸ್ಪತ್ರೆಗೆ ಕರ್ಕೊಂಡ್ಹೋದವ್ರನ್ನೆಲ್ಲ ಮದ್ವೆ ಆಗ್ಬೇಕೇನ್ರೀ?” ಎಂದಳು.

ಅಂತ್ಯ ಆ: ಅವಳು ಕಂಪನಿಗೆ ಕಟುವಾದ ಪತ್ರ ಬರೆದು, ಊರಿನವರ ಕ್ಷಮೆ ಕೇಳುತ್ತಾಳೆ.

ಅತ್ತೆಯ ಪಾತ್ರ ಮಾಡಿದ್ದಕ್ಕೆ ಯಾವ ಸೊಸೆಯ ಕ್ಷಮೆಯನ್ನೂ ತಾನು ಕೇಳಿಲ್ಲ ಎಂದು ನೆನಪಿಸಿದಳು.

ಅಂತ್ಯ ಇ: ಡಾಕ್ಟರು ತಲೆ ತಗ್ಗಿಸಿಕೊಂಡು ಬರುತ್ತಾರೆ.

ಅದನ್ನು ಅವಳು ನನ್ನ ಕೈಯಿಂದ ತೆಗೆದುಕೊಂಡಳು. ಆ ಹಾಳೆಯನ್ನು ಮಡಿಸಿ ಚೀಲದೊಳಗೆ ಹಾಕಿಕೊಂಡಳು.

೬

ಡಾಕ್ಟರು ತಲೆ ಎತ್ತಿಕೊಂಡೇ ಬಂದರು. ಕರುಳಿನಲ್ಲಿ ಸಣ್ಣ ಗಂಟು ಮೂರಿದ್ದವು, ಮೂರನ್ನೂ ತೆಗೆದಿದ್ದೇವೆ, ಪರೀಕ್ಷೆಗೆ ಕಳಿಸಿದ್ದೇವೆ, ಮಂಗಳವಾರ ತಿಳಿಯುತ್ತದೆ ಎಂದರು. ಟೀವಿಯಲ್ಲಿ ಬರುವ ಆ ಮಾತ್ರೆ ಬೇಕಾಗುತ್ತಾ ಎಂದು ಅರ್ಲೀನ್ ಕೇಳಿದಳು. ಅದು ಬೇರೆಯದೇ ಕಾಯಿಲೆಗೆ ಎಂದರು. ನಿಮಗೆ ಗೊತ್ತಿಲ್ಲವೇ ಎಂಬಂತೆ ನೋಡಿದರು.

ದಾರಿಯ ಹೋಟೆಲಿನಲ್ಲಿ ಎಲ್ಮರ್ ಒಂದೂವರೆ ದಿನದ ಹಸಿವನ್ನೆಲ್ಲ ಮೊಟ್ಟೆಯ ಮೇಲೆ ತೀರಿಸಿಕೊಂಡ. ಅರಿವಳಿಕೆ ಪೂರ್ತಿ ಇಳಿದಿರಲಿಲ್ಲ. ದನಿ ಮಾತ್ರ ಏರಿತ್ತು.

“ಮೂರು ತೆಗೆದ್ರು ಕಣಮ್ಮ, ನನ್ನ ಕರುಳಿಂದ,” ಎಂದು ಕಾಫಿ ತಂದವಳಿಗೆ ಹೇಳಿದ.

“ನಮ್ಮಣ್ಣಂಗೆ ಐದು,” ಎಂದಳು ಅವಳು, ಕಾಫಿ ಬಗ್ಗಿಸುತ್ತಲೇ.

ಪಕ್ಕದ ಮೇಜಿನ ಮುದುಕ ಕುರ್ಚಿಯನ್ನು ಇತ್ತ ತಿರುಗಿಸಿ, ನೋವಾಗುತ್ತಾ ಎಂದು ಮೆಲ್ಲಗೆ ವಿಚಾರಿಸಿದ. ಎಲ್ಮರ್ ಮೊದಲಿನಿಂದ ಶುರುಮಾಡಿದ. ಅರ್ಲೀನ್ ಅರ್ಧ ಗಂಟೆ ಸುಮ್ಮನೆ ಕೂತು ಕೇಳಿದಳು. ಅವಳಿಗೆ ಅಷ್ಟು ಹೊತ್ತು ಯಾರೂ ಬಟಾಟೆ ಕೊಡಲಿಲ್ಲ.

ಮಂಗಳವಾರ ಏನಾಯಿತು ಅಂತ ತಾನೇ ನೀವು ಕಾಯುತ್ತಿರುವುದು? ಬರೆಯಲು ನನಗೆ ಒಂದು ಸಾಲು ಸಾಕು. ಆದರೆ ಇಲ್ಲಿ ಇನ್ನೂ ಗುರುವಾರ. ಎಲ್ಮರ್ ಎರಡನೇ ತಟ್ಟೆ ಮೊಟ್ಟೆಗೆ ಹೇಳಿದ್ದಾನೆ. ಅರ್ಲೀನಳ ಫೋನು ಕೇಳಿ ಇಸಿದುಕೊಂಡು, ಕನ್ನಡಕ ಹಣೆಗೇರಿಸಿ ಮಗಳ ನಂಬರು ಒತ್ತಿದ್ದಾನೆ.

ಮಗಳು ಎತ್ತಿದಳು. ಅಪ್ಪ, ಯಾರ ಫೋನಿದು, ಏನಾಯಿತು ಎಂದು ಗಾಬರಿಯಿಂದ ಕೇಳುವುದು ಮೇಜಿನ ಈಚೆಗೂ ಕೇಳಿಸಿತು.

“ಏನಿಲ್ಲ ಮಗಳೇ,” ಎಂದ ಎಲ್ಮರ್. ಒಂದು ಗುಟುಕು ಕಾಫಿ ಕುಡಿದ.

“ಇಲ್ಲ, ಇದೆ,” ಎಂದ.